ಬಲಗೈಯಲ್ಲಿ ಹಾಲಿನ ಕ್ಯಾನು

ಕ್ಯಾನಿನ ತಳ ಮೊಣಕಾಲಿಗೆ ತಗುಲಿದಾಗೆಲ್ಲ ಬೆಚ್ಚಗಾಗುತ್ತದೆ, ಈಗಷ್ಟೇ ಕರೆದ ಹಾಲಲ್ಲವೇ, ಬಲಗೈಯಲ್ಲೇ ಹಿಡಿದಿದ್ದಾಳೆ ಶ್ಯಾಮಲಮ್ಮ, ಹೌದು ಬಲಗೈಯಲ್ಲೇ, ಎಡಗೈ ಬೇಕಂತಲೇ ಸೆರಗಿನೊಳಗೆ — ಹತ್ತು ಹೆಜ್ಜೆ ಹಿಂದೆ ಬರುತ್ತಿರುವ ಮಗ ರಮೇಶ್‌ಬಾಬು ನೋಡಲಿ, ಕಣ್ಣು ತುಂಬ ನೋಡಲಿ, ನಿನ್ನೆ ಅವನೇ ತಾನೆ ಅಂದದ್ದು, ಅಮ್ಮಾ ನಾಳೆ ನೀನೇ ಕರ್ದು ನೀನೇ ಡೈರಿ ತನಕ ಎತ್ಕೊಂಡೋದ್ರೆ ಕೆಂಪಿ ಇರ್ಲಿ, ಇಲ್ಲಾಂದ್ರೆ ಮಾರ್ಬಿಡಣ, ಚಿಂತಾಮಣಿಯಿಂದ ಗಿರಾಕಿ ಬರ್ತಾನೆ — ಮಾರುತ್ತಾನಂತೆ, ಕರುವಾಗಿದ್ದಾಗಿನಿಂದ ಅವಳ ಸೆರಗು ಜಗಿದು ಬೆಳೆದ ಹಸುವನ್ನು! ಅವನದೂ ತಪ್ಪಿಲ್ಲ, ಹೆದರಿದ್ದಾನೆ, ಕೆಲವು ತಿಂಗಳ ಹಿಂದೆ ಅವಳು ಕೊಟ್ಟಿಗೆಯಲ್ಲಿ ಜಾರಿ ಬಿದ್ದಾಗ ಓಡಿ ಬಂದವನು ಅವನೇ, ಅವಳೋ ಮುರಿದ ಬಲ ಮಣಿಕಟ್ಟು ಬಿಟ್ಟು ಚೆಲ್ಲಿದ ಹಾಲನ್ನೇ ನೋಡುತ್ತಿದ್ದಳು, ಚಪ್ಪಡಿ ಸಂದಿಯಲ್ಲಿ ಹರಿದು ಹೋಗುತ್ತಿದ್ದ ಬಿಳಿ ಗೆರೆ, ಎಕ್ಸ್‌ರೇಯಲ್ಲಿ ಆಮೇಲೆ ಕಂಡ ಕಪ್ಪು ಗೆರೆಗಿಂತ ಅದೇ ಹೆಚ್ಚು ನೋಯಿಸಿತ್ತು. ಹಾಲು ಕುಡೀತೀರಾ ಅಜ್ಜಿ, ಅಂತ ಕೇಳಿದ್ದಳು ಡಾಕ್ಟರಮ್ಮ ಸಂಘಮಿತ್ರ, ನಾನಾ, ಹಾಲು ಡೈರಿಗಲ್ವೇನಮ್ಮ, ಮಿಕ್ಕಿದ್ದರಲ್ಲಿ ತುಪ್ಪ ಮಗನಿಗೆ, ಮಜ್ಜಿಗೆ ಹಸುವಿನ ಕಲಗಚ್ಚಿಗೆ — ಮೂವತ್ತು ವರ್ಷ ಡೈರಿಯವರು ಫ್ಯಾಟ್ ನೋಡಿಯೇ ಬೆಲೆ ಕಟ್ಟಿದರೆ ಹಾಲಿನ ಸತ್ವವೆಲ್ಲ ಬೆಣ್ಣೆಯಲ್ಲೇ ಇದೆ ಅಂತ ಯಾರು ತಾನೇ ಅಂದುಕೊಳ್ಳುವುದಿಲ್ಲ? ಮೂಳೆ ಅಂದ್ರೆ ಬರೀ ಸುಣ್ಣ ಅಲ್ಲ ಅಜ್ಜಿ, ಒಳಗೆ ಪ್ರೋಟೀನಿನ ಬಲೆ ಇರುತ್ತೆ, ಆ ಬಲೇಲಿ ಸುಣ್ಣ ಕೂರುತ್ತೆ, ಅದಕ್ಕೆ ಬೇಕಾದ ಪ್ರೋಟೀನು ಹಾಲಲ್ಲಿದೆ, ಬೆಣ್ಣೆ ತೆಗೆದ್ರೂ ಮಜ್ಜಿಗೇಲಿ ಉಳಿಯುತ್ತೆ — ಅಯ್ಯೋ, ಕೈಯಾರೆ ಕಲಗಚ್ಚಿಗೆ ಸುರಿದಳಲ್ಲ, ಅದಕ್ಕೇ ಕೆಂಪಿ ಕಲ್ಲುಗುಂಡಿನಂತಿದ್ದಾಳೆ! ಅಂದಿನಿಂದ ಮೊದಲ ಲೋಟ ಹಾಲು ಅವಳದು, ಮುದ್ದೆಯ ಮೇಲೆ ಮಜ್ಜಿಗೆ, ಮಾತ್ರೆ, ಎಳೆಬಿಸಿಲು, ಕಟ್ಟು ಬಿಚ್ಚಿದ ಮೇಲೆ ಒದ್ದೆ ಬಟ್ಟೆ ಹಿಂಡಿ ಹಿಂಡಿ ಕಸರತ್ತು, ಪಕ್ಕದ ಮನೆ ಕದಿರಮ್ಮ ನಕ್ಕಿದ್ದೇ ನಕ್ಕಿದ್ದು, ಈ ವಯಸ್ಸಲ್ಲಿ ಹಾಲು ಕುಡಿಯೋ ಮಗುವಾದ್ಯೇನೇ — ಆದೆ ಕಣೇ, ಏನೀಗ?

ಏರು ಬಂತು, ಅಂಬಾಜಿದುರ್ಗದ ಬಂಡೆಗೆ ಬಿಸಿಲು ಬಿದ್ದಿದೆ, ಮಣಿಕಟ್ಟು ಚುರ್ ಅಂದಿತು, ಕ್ಯಾನು ವಾಲಿತು, ಕಣ್ಣ ಮುಂದೆ ಮತ್ತೆ ಚಪ್ಪಡಿ ಸಂದಿ, ಬಿಳಿ ಗೆರೆ — ಹಿಂದೆ ಓಡುವ ಹೆಜ್ಜೆ, ಅಮ್ಮಾ ಕೊಡಿಲ್ಲಿ, ಮುಟ್ಟಬೇಡ ಕಣೋ — ಬೆರಳು ಬಿಗಿದವು, ಬಿಗಿದೇ ಇದ್ದವು, ಡೈರಿಯ ಮೆಟ್ಟಿಲು ಒಂದು, ಎರಡು, ಮೇಜಿನ ಮೇಲೆ ಧಡ್ ಅಂತ ಇಟ್ಟಳು. ಡೈರಿ ಕೋನಪ್ಪ ಹಾಲು ಸುರಿದುಕೊಂಡು ಮೆಷಿನ್ ನೋಡಿ, ಫ್ಯಾಟ್ ಸ್ವಲ್ಪ ಕಮ್ಮಿ ಐತಲ್ಲಮ್ಮ ಅಂದ, ಇರ್ಲಿ ಬಿಡಪ್ಪ, ದಿನಾ ಇದಕ್ಕೇ ಜಗಳ ಕಾಯುತ್ತಿದ್ದವಳು ಇವತ್ತು ನಕ್ಕಳು, ಎಂಥ ಖುಷಿ, ಗೆದ್ದೆ ಅಂತ ಊರಿಗೆಲ್ಲ ಕೂಗಬೇಕು, ರಮೇಶ್‌ಬಾಬು ಆಗಲೇ ಫೋನಿನಲ್ಲಿ, ಬರ್ಬೇಡಪ್ಪ, ಹಸು ಕೊಡಲ್ಲ, ನಮ್ಮಮ್ಮ ಕೊಡಲ್ಲ — ಅವಳು ತಿರುಗಿ, ಬಂದ ದಾರಿ ನೋಡಿದಳು, ಮೆಟ್ಟಿಲು, ಅದರ ಮುಂದಿನ ಚಪ್ಪಡಿ, ಸಂದಿ, ಎಲ್ಲೂ ಇಲ್ಲ ಆ ಬಿಳಿ ಗೆರೆ, ಒಣ ಚಪ್ಪಡಿ, ಬಿಸಿಲಿಗೆ ಹೊಳೆಯುವ ಒಣ ಚಪ್ಪಡಿ.