ಗದ್ದೆಮ್ಮನ ಗೋಡೆಗೆ ಸುಣ್ಣ

ಬಡವರ ಓಣಿಗಳಲ್ಲಿ ಕುಸಿಯುತ್ತಿರುವ ಮನೆಗಳನ್ನು ಪುಕ್ಕಟೆಯಾಗಿ ದುರಸ್ತಿ ಮಾಡಿಕೊಡುವ ಟ್ರಸ್ಟೊಂದು ರಾಯಚೂರಿನಲ್ಲಿದೆ. ಅಂಥ ಮನೆಗಳನ್ನು ಹುಡುಕಿ ಕೊಡುವುದು ಅನ್ನಪೂರ್ಣಳ ಕೆಲಸ. ಪೋತ್ನಾಳದ ಹುಡುಗಿ, ನಾಲಿಗೆ ಚುರುಕು, ಕಾಲು ಅದಕ್ಕಿಂತ ಚುರುಕು. ದೇವದುರ್ಗದ ಈ ಓಣಿಯನ್ನು ಪತ್ತೆ ಮಾಡಿದ್ದು ಅವಳೇ. ಹದಿನಾಲ್ಕು ಮನೆ, ಎಲ್ಲವೂ ಮಣ್ಣಿನ ಗೋಡೆಯವು. ಕೆಲವಕ್ಕೆ ಸೂರಾಗಿ ಮಣ್ಣಿನ ಮಾಳಿಗೆ ಇತ್ತು, ಕೆಲವಕ್ಕೆ ಇದೆ ಎಂದು ಹೇಳಲು ಧೈರ್ಯ ಬೇಕಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಗದ್ದೆಮ್ಮನ ಮನೆ. ಗಾರೆ ಕೆಲಸಕ್ಕೆ ಹೋಗಿ ಊರವರ ಮನೆಗೆಲ್ಲ ಇಟ್ಟಿಗೆ ಹೊತ್ತ ಹೆಂಗಸು; ಮನೆಯಲ್ಲಿ ಅವಳು, ಅವಳ ಮಗಳು ಇಬ್ಬರೇ. ಅವಳ ಮನೆಯ ಹಿಂದಿನ ಗೋಡೆ ಮಾತ್ರ ಮೇಲಿಂದ ಕೆಳಗಿನ ತನಕ ಬಾಯಿ ಬಿಟ್ಟಿತ್ತು. ಮಳೆಗಾಲಕ್ಕೆ ಮೂರೇ ವಾರ. ಅಷ್ಟರೊಳಗೆ ಟ್ರಸ್ಟಿನ ಕೈಲಾಗುವುದು ಒಂದೇ ಓಣಿ: ಇದು, ಇಲ್ಲವೆ ಮಾನ್ವಿಯ ಇನ್ನೊಂದು. ಮುಖ್ಯಸ್ಥ ವಿಬುಧೇಂದ್ರರಾಯರು ಕಣ್ಣಾರೆ ನೋಡಿ ತೀರ್ಮಾನಿಸುವುದೆಂದು ಮಾತಾಗಿತ್ತು.

ಎಡವಿದ್ದು ಅನ್ನಪೂರ್ಣಳೇ. ಹಿಂದಿನ ದಿನ ಗದ್ದೆಮ್ಮನಿಗೆ ಫೋನ್ ಮಾಡಿ, "ಯವ್ವಾ, ನಾಳಿ ನಮ್ಮ ದೊಡ್ಡ ಸಾಹೇಬ್ರು ನಿಮ್ಮ ಮನಿಗೆ ಬರಾಕತ್ತಾರ. ತಯಾರಿರ್ರಿ," ಎಂದುಬಿಟ್ಟಳು. ಮನೆಗೆ ಜನ ಬರುತ್ತಾರೆಂದರೆ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೆಂದು ಪೋತ್ನಾಳದಲ್ಲಿ ಹುಟ್ಟಿ ಬೆಳೆದವಳಿಗೆ ಗೊತ್ತಿರಬೇಡವೇ?

ಮರುದಿನ ಬೆಳಿಗ್ಗೆ ರಾಯರೊಂದಿಗೆ ಕಾರಿನಿಂದಿಳಿದಾಗ ಅವಳಿಗೆ ಓಣಿಯ ಗುರುತೇ ಸಿಗಲಿಲ್ಲ. ಹದಿನಾಲ್ಕೂ ಮನೆಗೆ ಸುಣ್ಣ! ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಬಾಗಿಲ ಮುಂದೆ ರಂಗೋಲಿ. ಸೋರುವ ಮಾಳಿಗೆಯ ಕೆಳಗೆ ಕಾಯಂ ಕೂತಿರುತ್ತಿದ್ದ ಕೊಡ, ಬೋಗುಣಿಗಳೆಲ್ಲ ಮಾಯ. ಪಕ್ಕದ ಮನೆಯ ಅಮೀರ್ ಬೀ ತನ್ನ ಮಗಳ ಮದುವೆಗೆ ತಂದಿದ್ದ ಹೂವಿನ ಚಿತ್ತಾರದ ಚಾದರವನ್ನು ತಂದು ಗದ್ದೆಮ್ಮನ ಹಿಂದಿನ ಗೋಡೆಗೆ ಇಳಿಬಿಟ್ಟಿದ್ದಳು. ಬಿರುಕು ಎಲ್ಲಿದೆಯೆಂದು ದೇವರೇ ಹೇಳಬೇಕು.

ರಾಯರು ನಿವೃತ್ತ ಇಂಜಿನಿಯರು; ಕಂಡದ್ದನ್ನು ಬಿಟ್ಟು ಬೇರೇನೂ ಬರೆಯದ ಮನುಷ್ಯ. ಗದ್ದೆಮ್ಮನ ಮನೆಯೊಳಗೆ ನಿಂತು ಹುಬ್ಬೇರಿಸಿದರು.

"ಅನ್ನಪೂರ್ಣಾ, ಇದು ನಮ್ಮನಿಗಿಂತ ಚಂದ ಅದ ಅಲ್ಲೇನವ್ವ! ಮಾನ್ವಿಯೊಳಗ ಅರ್ಧ ಮನಿಗೆ ಬಾಗಿಲಾನೇ ಇಲ್ಲ."

"ಸರ್, ಇದೆಲ್ಲ ನಿನ್ನಿ ಹಚ್ಚಿದ ಸುಣ್ಣರೀ."

"ಹಂಗಾದ್ರ ತೊಂದ್ರಿ ಏನದ ಅಂತ ಅವ್ರೇ ಹೇಳ್ಲಿ."

ಅವರು ಹೇಳಬೇಕಲ್ಲ! ಚಾದರವನ್ನು ತಾನೇ ಎಳೆದು ಗದ್ದೆಮ್ಮನನ್ನು ನಾಚಿಸಲು ಅನ್ನಪೂರ್ಣಳಿಗೆ ಮನಸ್ಸಾಗಲಿಲ್ಲ. ಕಣ್ಸನ್ನೆ ಮಾಡಿದಳು, ಕೆಮ್ಮಿದಳು, ಕೊನೆಗೆ ಗದ್ದೆಮ್ಮನ ಸೆರಗನ್ನೇ ಜಗ್ಗಿದಳು. ಬಂದವರ ಮುಂದೆ ಸ್ವಂತ ಮನೆಯ ಮಾನ ಕಳೆಯುವ ಹೆಂಗಸಲ್ಲ ಅವಳು.

"ಏನೂ ತೊಂದ್ರಿ ಇಲ್ರೀ ಯಪ್ಪಾ. ಮೊದ್ಲು ಚಾ ಕುಡೀರಿ," ಎಂದು ಲೋಟ ಕೈಗಿಟ್ಟಳು.

ಅನ್ನಪೂರ್ಣಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಅದರಲ್ಲಿ ಮುಕ್ಕಾಲು ಪಾಲು ತನ್ನ ಮೇಲೆಯೇ. ರಾಯರು ಫಾರಂ ತೆಗೆದು, 'ದುರಸ್ತಿ ಬೇಕಿಲ್ಲ' ಎಂದಿದ್ದ ಕಡೆ ಬೆರಳಿಟ್ಟರು. ಬಿಸಿಲಿಗೆ ದಣಿದಿದ್ದರು ಬೇರೆ. ಕೂತು ಬರೆಯೋಣವೆಂದು, ಹೂವಿನ ಚಾದರಕ್ಕೆ ಬೆನ್ನು ಕೊಡಲು ಬಗ್ಗಿದರು.

"ಯಪ್ಪಾ, ಅಲ್ಲಿ ಬ್ಯಾಡ್ರೀ!"

ಗದ್ದೆಮ್ಮ ಹಾರಿ ಬಂದು ಅವರ ತೋಳು ಹಿಡಿದು ಎಳೆದೇಬಿಟ್ಟಳು. ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. "ಬೆನ್ನ ಹಚ್ಚಿದ್ರ ಗ್ವಾಡಿ ಮೈಮ್ಯಾಲ ಬರ್ತದರೀ! ನಿಮಗೇನರ ಆದ್ರ ನಾ ಏನ್ಮಾಡ್ಲಿ?"

ಹೇಳಿದ ಮೇಲೆ ತಾನೇನು ಹೇಳಿದೆನೆಂದು ತಿಳಿದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿದ್ದ ಅಮೀರ್ ಬೀ ಹಣೆ ಬಡಿದುಕೊಂಡಳು. ರಾಯರು ಚಾದರ ಸರಿಸಿದರು. ಬಿರುಕಿನೊಳಗೆ ಅವರ ಅಂಗೈ ಪೂರಾ ಹೋಯಿತು. ಆಚೆಯ ಬಿಸಿಲು ಕಾಣುತ್ತಿತ್ತು.

"ನನಗ ಕುಂದರಬ್ಯಾಡ ಅಂದ್ರಿ," ಎಂದರು ರಾಯರು ಮೆಲ್ಲಗೆ. "ನೀವು, ನಿಮ್ಮ ಮಗಳು ಎಲ್ಲಿ ಮಲಗ್ತೀರಿ?"

ಗದ್ದೆಮ್ಮ ನೆಲ ನೋಡಿದಳು. "ಅದರ ಬುಡಕ್ಕರೀ. ಮತ್ತೆಲ್ಲಿ ಜಾಗ ಅದ?"

ರಾಯರು ಫಾರಂ ಮಡಚಿ ಜೇಬಿಗೆ ಹಾಕಿ, "ಮಾನ್ವಿಯವ್ರಿಗೆ ನಾನೇ ಹೋಗಿ ಹೇಳ್ತೀನಿ, ಮಳಿ ಮುಗದ ಮ್ಯಾಲ ಅವರದು. ನಾಳಿನೇ ಇಲ್ಲಿ ಕೆಲ್ಸ ಸುರು. ಅಲ್ಲೀತನಕ ಇಲ್ಲಿ ಮಲಗಬ್ಯಾಡ್ರಿ," ಎಂದರು.

"ನಮ್ಮನಿಗೆ ಬರ್ಲಿ ಬಿಡ್ರಿ," ಎಂದಳು ಅಮೀರ್ ಬೀ. "ನಮ್ದು ಮಾಳಿಗಿ ಅಷ್ಟೇ ಬೀಳಾಕತ್ತದ. ಗ್ವಾಡಿ ಗಟ್ಟಿ ಅವ."

ಅಷ್ಟು ಕೇಳಿದ್ದೇ ತಡ, ಹೊರಗೆ ಸೇರಿದ್ದ ಹೆಂಗಸರಿಗೆಲ್ಲ ಬಾಯಿ ಬಂತು. ಒಬ್ಬಳು ರಾಯರ ಕೈಯನ್ನೇ ಹಿಡಿದು ಗೆದ್ದಲು ತಿಂದ ತನ್ನ ತೊಲೆ ತೋರಿಸಲು ಎಳೆದುಕೊಂಡು ಹೊರಟಳು.