ಸಫಿಯಮ್ಮನ ಕೊನೆಯ ದವಡೆ ಹಲ್ಲು

ಡಾಕ್ಟರಲ್ಲದ ನಾನು ಇದನ್ನು ಹೇಳಹೊರಟದ್ದಕ್ಕೆ ಕ್ಷಮೆ ಇರಲಿ. ನಾನು ಅಂಬಲಪಾಡಿಯಿಂದ ಬಸ್ಸು ಹತ್ತಿ ದಂತ ಕಾಲೇಜೊಂದಕ್ಕೆ ಸಹಾಯಕಿಯಾಗಿ ಹೋಗುತ್ತಿದ್ದವಳು. ಓದಿದ್ದು ಸಂಜೆ ಕಾಲೇಜಿನಲ್ಲಿ, ಅರ್ಧ ನಿದ್ದೆಯಲ್ಲಿ. ರೋಗದ ವಿಷಯದಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು.

೧೯೮೧ರ ಸುಮಾರಿಗೆ ಕಾರ್ಕಳದ ಡಾಕ್ಟರ್ ವಲೇರಿಯನ್ ನಮ್ಮಲ್ಲಿ ಅಧ್ಯಾಪಕರಾಗಿದ್ದರು. ಹಲ್ಲು ಸರಿಯಿದ್ದೂ ಮುಖ ನೋಯುವವರಿಗಾಗಿ ಗುರುವಾರ ಮಧ್ಯಾಹ್ನ ಒಂದು ಕ್ಲಿನಿಕ್ ನಡೆಸುತ್ತಿದ್ದರು. ಎಕ್ಸ್‌ರೇ ವಿಭಾಗದ ಹಿಂದೆ ಸಣ್ಣ ಕೋಣೆ, ಒಂದು ಹಳೆಯ ಕುರ್ಚಿ. ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಬೇಕಾದದ್ದು ಕಿತ್ತ ಹಲ್ಲು, ತುಂಬಿದ ಹಲ್ಲು, ಕೂರಿಸಿದ ಕಟ್ಟುಹಲ್ಲಿನ ಸೆಟ್ಟು. ಏನನ್ನೂ ಕೀಳದ ಕೋಣೆಗೆ ಅವರು ಬರುತ್ತಿರಲಿಲ್ಲ. ಆದರೂ ಡಾಕ್ಟರು ಪಾಠಕ್ಕೆಂದು ಬೋರ್ಡಿನಲ್ಲಿ ಮುಖದ ನರದ ಚಿತ್ರ ಬರೆದಿಡುತ್ತಿದ್ದರು. ಸಂಜೆ ಅದನ್ನು ಒರೆಸುವುದು ನನ್ನ ಕೆಲಸ. ಯಾರೂ ನೋಡದ ಚಿತ್ರವನ್ನು ಒರೆಸಲು ಸಂಕೋಚವಾಗುತ್ತಿತ್ತು.

ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಹಲ್ಲು ಉಳಿಸಿಕೊಂಡೇ ನೋವು ಕಳೆದುಕೊಂಡ ಒಬ್ಬ ರೋಗಿಯನ್ನು ಬೇಸಿಗೆ ರಜೆಗೆ ಮೊದಲು ತೋರಿಸಿದರೆ ಕ್ಲಿನಿಕ್ಕನ್ನು ಟೈಂಟೇಬಲಿಗೆ ಸೇರಿಸುತ್ತೇನೆ, ಇಲ್ಲವಾದರೆ ಕೋಣೆ ಸ್ಟೋರಿಗೆ ಬೇಕು ಎಂದಿದ್ದರು.

ಆಗ ಬಂದವಳು ಕಾಪುವಿನ ಸಫಿಯಮ್ಮ. ಗಂಡ ಮಸ್ಕತ್‌ನಲ್ಲಿ, ಮನೆಯಲ್ಲಿ ಅತ್ತೆ. ಎಡಗೆನ್ನೆಗೆ ಗಾಳಿ ತಾಗಿದರೂ, ಒಂದು ಮಾತಾಡಿದರೂ ಮಿಂಚು ಹೊಡೆದಂಥ ನೋವು. ಹಾಗಾಗಿ ಮಾತೇ ಬಿಟ್ಟಿದ್ದಳು. ಅತ್ತೆಗೆ ಅದು ಸೊಕ್ಕು. ಸಫಿಯಮ್ಮ ಪೇಟೆಯ ಹಲ್ಲು ಕೀಳುವವನಿಂದ ಆ ಬದಿಯ ದವಡೆ ಹಲ್ಲುಗಳನ್ನು ಒಂದೊಂದಾಗಿ ತೆಗೆಸಿದ್ದಳು. ಕೊನೆಯದರ ಬೇರು ಗಟ್ಟಿಯೆಂದು ಅವನೇ ನಮ್ಮಲ್ಲಿಗೆ ಕಳಿಸಿದ್ದ.

ಹೆಂಗಸರನ್ನು ಪರೀಕ್ಷಿಸುವಾಗ ನಾನು ಪಕ್ಕದಲ್ಲಿ ನಿಲ್ಲುವುದು ಕ್ರಮ. ಡಾಕ್ಟರು ಹಲ್ಲನ್ನು ತಟ್ಟಿದರು, ಅವಳಿಗೆ ನೋವಾಗಲಿಲ್ಲ. ಮೂಗಿನ ಪಕ್ಕ ಹತ್ತಿಯ ಎಳೆ ತಾಗಿಸಿದರು. ಕುರ್ಚಿಯ ಕೈ ಹಿಡಿದು ಮುದುಡಿಹೋದಳು. ತೊಂದರೆ ನರದ್ದು, ಹಲ್ಲಿನದ್ದಲ್ಲ, ಮಾತ್ರೆ ಉಂಟು ಎಂದು ಅವರು ನಿಧಾನವಾಗಿ ವಿವರಿಸಿದರು.

ಅವಳು ತುಟಿ ಅಲುಗದ ಹಾಗೆ ಹೇಳಿದಳು: “ಹಲ್ಲು ತೆಗೆದು ಕೊಡಿ ಡಾಕ್ಟ್ರೇ. ಕೈಯಲ್ಲಿ ತೋರಿಸಿದರೆ ಮಾಮಿ ಎರಡು ದಿನವಾದರೂ ನಂಬುತ್ತಾರೆ. ಮಾತ್ರೆ ತೋರಿಸಿದರೆ ಎಂತ ನಂಬುವುದು?”

“ನಾನು ನಂಬುತ್ತೇನಲ್ಲ.”

“ನೀವು ನಮ್ಮ ಮನೆಯಲ್ಲಿ ಇರುವುದಾ?”

ಡಾಕ್ಟರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಹಲ್ಲು ಮಾತ್ರ ತೆಗೆಯಲಿಲ್ಲ. ಮಾತ್ರೆ ಕೊಟ್ಟು, ತಪ್ಪದೆ ಬರಬೇಕೆಂದು ಬೇಡಿಕೊಂಡರು.

ಮುಂದಿನ ಗುರುವಾರ ಬಂದಳು. ನೋವು ಸ್ವಲ್ಪ ಕಡಿಮೆ, ತಲೆ ತಿರುಗುತ್ತದೆ ಎಂದಳು. ಆಮೇಲೆ ಬರಲಿಲ್ಲ.

ಗುರುವಾರಗಳು ಕಳೆದವು. ಹೊರಗೆ ಹೆಜ್ಜೆ ಕೇಳಿದಾಗಲೆಲ್ಲ ಡಾಕ್ಟರು ಎದ್ದು ನಿಲ್ಲುತ್ತಿದ್ದರು. ನಮ್ಮ ಕಡೆ ವಾಸಿಯಾದವರು ಆಸ್ಪತ್ರೆಗೆ ತಿರುಗಿ ಬರುವ ಪದ್ಧತಿಯಿಲ್ಲ. ವಾಸಿಯಾಗದವರು ಬೇರೆ ಕಡೆ ಹೋಗುತ್ತಾರೆ. ಖಾಲಿ ಕುರ್ಚಿ ನೋಡಿ ಯಾವುದೆಂದು ಹೇಳುವುದು?

ರಜೆಗೆ ಮುಂಚಿನ ಭಾನುವಾರ ಅವರು ಕಾಪುವಿಗೆ ಹೊರಟರು. ಹೆಂಗಸಿನ ಮನೆಗೆ ಒಬ್ಬರೇ ಹೋಗುವುದು ಸರಿಯಲ್ಲವೆಂದು ನನ್ನನ್ನೂ ಕರೆದರು. ಮನೆಗೆ ಬೀಗ. ಪಕ್ಕದ ಮನೆಯ ಮೋಹಿನಿ, ಮೀನು ಮಾರುವವಳು, ಬುಟ್ಟಿ ತೊಳೆಯುತ್ತಿದ್ದಳು. ಗಂಡ ಕರೆಸಿಕೊಂಡನಂತೆ, ಅತ್ತೆಯನ್ನು ಮಗಳ ಮನೆಗೆ ಬಿಟ್ಟು ಸಫಿಯಮ್ಮ ಬೊಂಬಾಯಿಗೆ, ಅಲ್ಲಿಂದ ಮಸ್ಕತ್‌ಗೆ ಹೋಗಿಯಾಗಿತ್ತು.

ಅವಳು ಮಾತಾಡುತ್ತಿದ್ದಳೇ ಎಂದು ಡಾಕ್ಟರು ಕೇಳಿದರು.

“ಮಾತಾ? ಹೊರಡುವ ದಿನ ಬಂಗುಡೆ ನಿನ್ನೆಯದ್ದು ಅಂತ ನನ್ನ ಹತ್ತಿರ ಜಗಳ ಮಾಡಿದ್ದಾಳೆ. ನಕ್ಕದ್ದೂ ಉಂಟು.”

ಡಾಕ್ಟರ ಮುಖ ಅರಳಿತು. ಎಡಬದಿಯ ಹಲ್ಲು ಇತ್ತೇ ಎಂದು ಕೇಳಿದರು.

“ಅವಳು ತಲೆಯ ವಸ್ತ್ರ ಬಾಯಿಗೆ ಅಡ್ಡ ಹಿಡಿದೇ ನಗುವುದು, ಮಾರಾಯ್ರೇ. ಇಣುಕಿ ನೋಡಲಿಕ್ಕೆ ನಾನು ಹಲ್ಲಿನ ಡಾಕ್ಟ್ರಾ?”

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಮರುದಿನ ಡಾಕ್ಟರು ಮುಖ್ಯಸ್ಥರ ಹತ್ತಿರ ಸಫಿಯಮ್ಮನ ಹೆಸರೆತ್ತಲಿಲ್ಲ. ನೋಡದ ಹಲ್ಲನ್ನು ಉಂಟು ಎನ್ನುವುದು ಹೇಗೆ, ಸ್ವರ್ಣಲತಾ, ಎಂದರು ನನ್ನಲ್ಲಿ. ರಜೆ ಮುಗಿದಾಗ ಆ ಕೋಣೆಯಲ್ಲಿ ಪ್ಲಾಸ್ಟರಿನ ಚೀಲಗಳಿದ್ದವು. ಡಾಕ್ಟರು ಹಲ್ಲು ಕೀಳುವುದನ್ನು ಕಲಿಸುತ್ತಿದ್ದರು, ಚೆನ್ನಾಗಿಯೇ.

ಆ ನೋವು ಕೆಲವೊಮ್ಮೆ ತಾನಾಗಿ ತಿಂಗಳುಗಟ್ಟಲೆ ಮರೆಯಾಗುವುದುಂಟು ಎಂದು ಅವರೇ ಹೇಳುತ್ತಿದ್ದರು. ಸಫಿಯಮ್ಮನದು ಮಾತ್ರೆಯಿಂದ ಹೋಯಿತೋ, ತಾನಾಗಿ ಹೋಯಿತೋ, ಮತ್ತೆ ಬಂತೋ, ಆ ಹಲ್ಲು ಉಳಿಯಿತೋ, ನನಗೆ ಗೊತ್ತಿಲ್ಲ.