ಹಿಡಿದಿಟ್ಟ ತೂಕ

ಶಿವರಾಜ್ ಕುರಿಯನ್ನು ತಕ್ಕಡಿಗೆ ಹಾಕದೆಯೇ ಅದರ ತೂಕ ಹೇಳುತ್ತಿದ್ದ. ಒಂದು ಕೈ ಎದೆಯಡಿಗೆ, ಇನ್ನೊಂದು ಕೈ ಹಿಂಗಾಲಿನ ಸಂದಿಗೆ ಕೊಟ್ಟು, ನೆಲದಿಂದ ಒಂದು ಗೇಣು ಎತ್ತಿ ಇಳಿಸುತ್ತಿದ್ದ. “ಇಪ್ಪತ್ತೆರಡೂವರೆ” ಎಂದನೆಂದರೆ ಹಿರಿಯೂರು ಸಂತೆಯ ತಕ್ಕಡಿಯೂ ಅದನ್ನೇ ಹೇಳುತ್ತಿತ್ತು, ಹೆಚ್ಚೆಂದರೆ ಅರ್ಧ ಕೆಜಿ ಆಚೀಚೆ. ಅವನ ಅಕ್ಕ ಅನುಸೂಯಳಿಗೆ ಇದೊಂದು ಸೋಜಿಗ. ಅವಳು ಹಿರಿಯೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಅಳೆಯದೆ ಏನನ್ನೂ ನಂಬುವವಳಲ್ಲ.

ಮೂವತ್ತನಾಲ್ಕನೆಯ ವಯಸ್ಸಿಗೆ ಅವನ ಲಿವರ್ ಕೈಕೊಟ್ಟಿತು. ಜವನಗೊಂಡನಹಳ್ಳಿಯಲ್ಲಿ ಎಲ್ಲರೂ ಕುಡಿತವೆಂದೇ ಮಾತಾಡಿಕೊಂಡರು. ಅವನು ಹಬ್ಬಕ್ಕೂ ಒಂದು ಗುಟುಕು ಮುಟ್ಟಿದವನಲ್ಲ. ಅವನ ದೇಹವೇ ತನ್ನ ಲಿವರನ್ನು ಹೊರಗಿನದೆಂದು ತಪ್ಪು ತಿಳಿದು, ವರ್ಷಗಟ್ಟಲೆ ಸದ್ದಿಲ್ಲದೆ ಅದನ್ನು ಹಾಳುಮಾಡುತ್ತ ಬಂದಿತ್ತು. ಉಳಿದದ್ದು ಒಂದೇ ದಾರಿ, ಹತ್ತಿರದವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು ಎಂದರು ಬೆಂಗಳೂರಿನ ಆಸ್ಪತ್ರೆಯಲ್ಲಿ. ಅವ್ವ ಕೆಂಚಕ್ಕನಿಗೆ ವಯಸ್ಸು ಮೀರಿತ್ತು. ಹೆಂಡತಿ ಅಂಜಲಿಯ ರಕ್ತದ ಗುಂಪು ಹೊಂದಲಿಲ್ಲ. ಅನುಸೂಯಳದು ಹೊಂದಿತು. ಆದರೆ ಅವಳು ಎಪ್ಪತ್ತೆಂಟು ಕೆಜಿ ಇದ್ದಳು, ಲಿವರಿನಲ್ಲಿ ಕೊಬ್ಬು ತುಂಬಿತ್ತು. ಅಂಥ ಲಿವರಿಗೆ ಕತ್ತರಿ ಹಾಕಿದರೆ ಕೊಡುವವರಿಗೂ ಅಪಾಯ, ಪಡೆಯುವವರಿಗೂ ಅಪಾಯ.

“ಅರವತ್ನಾಲ್ಕಕ್ಕೆ ಬನ್ನಿ ಮೇಡಂ, ಆಮೇಲೆ ಮಾತಾಡೋಣ,” ಎಂದರು ಡಾಕ್ಟರು.

ಅನುಸೂಯ ಅಕ್ಟೋಬರಿನಲ್ಲಿ ಶುರುಮಾಡಿದಳು. ನಸುಕಿನಲ್ಲೆದ್ದು ವೇದಾವತಿಯ ಸೇತುವೆಯ ತನಕ ನಡೆದು ಬರುವುದು. ಮಧ್ಯಾಹ್ನ ನೂರೈವತ್ತು ಗ್ರಾಂ ಮುದ್ದೆ, ಸೊಪ್ಪಿನ ಸಾರು, ಕೆನೆ ತೆಗೆದ ಮಜ್ಜಿಗೆ. ರಾತ್ರಿಗೂ ಅಷ್ಟೇ. ಶಾಲೆಯ ಸ್ಟಾಫ್ ರೂಮಿಗೆ ಹುಟ್ಟುಹಬ್ಬದ ಕೇಕು ಬಂದ ದಿನ ಅವಳು ಲ್ಯಾಬಿನಲ್ಲಿ ಪರೀಕ್ಷಾ ನಳಿಕೆ ತೊಳೆಯುತ್ತಿರುತ್ತಿದ್ದಳು. ಪ್ರತಿ ಸೋಮವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ, ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದಳು. ಚುಕ್ಕಿಗಳು ಮೆಲ್ಲಗೆ ಇಳಿಜಾರಿನಲ್ಲಿ ಇಳಿಯತೊಡಗಿದವು.

ಊರಿಗೆ ಹೋದಾಗಲೆಲ್ಲ ಶಿವರಾಜ್ ಜಗುಲಿಯ ಮೇಲಿನ ಹಾಸಿಗೆಯಿಂದಲೇ ಅವಳನ್ನು ಅಡಿಯಿಂದ ಮುಡಿಯ ತನಕ ನೋಡುತ್ತಿದ್ದ.

“ಎಪ್ಪತ್ತೊಂದು,” ಎಂದ ಒಮ್ಮೆ.

“ಎಪ್ಪತ್ತು ಮುಕ್ಕಾಲು ಕಣಲೇ!”

“ಎತ್ತಿ ನೋಡಿದ್ರೆ ಸರಿಯಾಗಿ ಹೇಳ್ತಿದ್ದೆ. ಈಗ ಮರೀನೂ ಎತ್ತಕ್ಕಾಗಲ್ಲ.”

“ಲೇ, ನಾನೇನು ಟಗರಾ?”

“ಟಗರಾಗಿದ್ರೆ ಈಸು ಹಟ ಎಲ್ಲಿರ್ತಿತ್ತು ಬಿಡಕ್ಕ,” ಎಂದು ಅವನು ನಕ್ಕ. ನಕ್ಕಾಗ ಅವನ ಕಣ್ಣಿನ ಹಳದಿ ಇನ್ನೂ ಎದ್ದು ಕಾಣುತ್ತಿತ್ತು.

ಮಾರ್ಚಿನ ಕೊನೆಯ ಸೋಮವಾರ ಯಂತ್ರ ಅರವತ್ತನಾಲ್ಕು ತೋರಿಸಿತು. ಸ್ಕ್ಯಾನಿನಲ್ಲಿ ಲಿವರ್ ಸ್ವಚ್ಛವಾಗಿತ್ತು. ಮೇ ಹದಿನಾಲ್ಕಕ್ಕೆ ಆಪರೇಷನ್ ಎಂದು ಗೊತ್ತಾಯಿತು.

“ಇಳಿಸಿದ್ದು ಅರ್ಧ ಕೆಲಸ. ಇನ್ನು ಆರು ವಾರ ಇದನ್ನ ಹೀಗೇ ಹಿಡಿದಿಡಬೇಕು,” ಎಂದರು ಡಾಕ್ಟರು. “ಲಿವರ್ ಕೊಬ್ಬನ್ನ ಬಿಡೋದೂ ಬೇಗ, ತಿರುಗಿ ಕೂಡಿಹಾಕಿಕೊಳ್ಳೋದೂ ಬೇಗ.”

ಅವಳು ತಲೆಯಾಡಿಸಿದಳು. ಹದಿನಾಲ್ಕು ಕೆಜಿ ಇಳಿಸಿದವಳಿಗೆ ಇದ್ದಲ್ಲೇ ಇರುವುದು ಯಾವ ದೊಡ್ಡ ಮಾತು ಎನಿಸಿತ್ತು.

ಏಪ್ರಿಲಿನಲ್ಲಿ ಶಾಲೆಗೆ ಬೇಸಿಗೆ ರಜೆ. ತಮ್ಮನ ಬದಲು ಅಂಜಲಿಯೇ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಗಲೆಲ್ಲ ತಮ್ಮನ ಔಷಧಿ, ನೀರು ನೋಡಿಕೊಳ್ಳಲು ಅವ್ವನ ಜೊತೆಗೊಬ್ಬರು ಬೇಕಿತ್ತು. ಅನುಸೂಯ ಗಂಡನಿಗೆ ಹೇಳಿ, ತೂಕದ ಯಂತ್ರವನ್ನೂ ಅಡುಗೆಮನೆಯ ಪುಟ್ಟ ತಕ್ಕಡಿಯನ್ನೂ ಗ್ರಾಫ್ ಹಾಳೆಯನ್ನೂ ಚೀಲಕ್ಕೆ ಹಾಕಿಕೊಂಡು ತವರಿಗೆ ಬಂದಳು.

ಬಾಗಿಲಲ್ಲಿ ನಿಂತ ಮಗಳನ್ನು ಕಂಡು ಕೆಂಚಕ್ಕನ ಮುಖ ಬಾಡಿತು. ಪಕ್ಕದ ಮನೆಯ ಚಂದ್ರಕ್ಕ ಸುಮ್ಮನಿರುವವಳಲ್ಲ.

“ಏನವ್ವಾ ಅನುಸೂಯಾ, ಸಕ್ಕರೆ ಕಾಯ್ಲೆ ಬಂತಾ? ಕೊರಳಾಗಿನ ಮೂಳೆ ಎಣಿಸ್ಬೌದಲ್ಲೇ! ನಿನ್ ಗಂಡ ಕೂಳು ಹಾಕ್ತಾನೋ ಇಲ್ವೋ?”

“ನಾನೇ ಇಳಿಸಿದ್ದು ಚಂದ್ರಕ್ಕ. ಶಿವಂಗೆ ಲಿವರ್ ಕೊಡಾಕೆ.”

“ಅಯ್ಯೋ ಶಿವನೇ! ಮೈಯೊಳಗಿಂದು ಕೊಯ್ದು ಕೊಡೋಳು ಮೈ ತುಂಬ್ಕಂಡಿರಬೇಕೋ, ಹಿಂಗೆ ಒಣಗಿ ಕುಂತಿರಬೇಕೋ?” ಎಂದು ಚಂದ್ರಕ್ಕ ಕೆಂಚಕ್ಕನ ಮುಖ ನೋಡಿದಳು. ಹಿತ್ತಿಲಲ್ಲಿ ಗಬ್ಬದ ಕುರಿಯೊಂದನ್ನು ಕಟ್ಟಿದ್ದರು. ಕೆಂಚಕ್ಕ ಅದಕ್ಕೆ ಬೇಯಿಸಿದ ಹುರುಳಿಯ ಬುಟ್ಟಿ ಎತ್ತಿಕೊಂಡು ಹೋದಳು.

ಅಂದು ಅನುಸೂಯ ಅವ್ವನನ್ನು ಒಲೆಯ ಮುಂದೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. ಮುದ್ದೆ ಇಷ್ಟು, ಎಣ್ಣೆ ಇಷ್ಟು, ಕಾಯಿ ಬೇಡ, ಶೇಂಗಾ ಬೇಡ. ಅವ್ವ ಎಲ್ಲದಕ್ಕೂ “ಆಗಲವ್ವ” ಎಂದಳು. ಮಗಳ ಮುದ್ದೆಯನ್ನು ಬೇರೆಯದೇ ಪಾತ್ರೆಯಲ್ಲಿ ತಿರುವಿ, ಬೇರೆಯಾಗಿಯೇ ಕಟ್ಟಿ ಕೊಡತೊಡಗಿದಳು. ಅನುಸೂಯ ಅದನ್ನು ತಟ್ಟೆಗೆ ಹಾಕಿಕೊಳ್ಳುವ ಮುನ್ನ ಪುಟ್ಟ ತಕ್ಕಡಿಯ ಮೇಲಿಟ್ಟು ನೋಡುತ್ತಿದ್ದಳು. ನೂರೈವತ್ತು ಗ್ರಾಂ, ಒಂದು ದಿನವೂ ಹೆಚ್ಚುಕಡಿಮೆ ಇಲ್ಲ. ಬಾಯಿಗಿಟ್ಟರೆ ಅದೇನೋ ನುಣುಪು, ಅದೇನೋ ರುಚಿ. ಅವ್ವನ ಕೈಗುಣ ಎಂದುಕೊಂಡಳು.

ಮೊದಲ ಸೋಮವಾರ ಅರವತ್ತನಾಲ್ಕು ಮುಕ್ಕಾಲು. ನೀರಿರಬಹುದು ಎಂದುಕೊಂಡಳು. ಎರಡನೆಯ ಸೋಮವಾರ ಅರವತ್ತೈದೂವರೆ. ಯಂತ್ರ ಕೆಟ್ಟಿದೆಯೆಂದು, ಉಣ್ಣೆ ತೂಗಲು ಮನೆಯಲ್ಲಿಟ್ಟಿದ್ದ ಹತ್ತು ಕೆಜಿಯ ಕಬ್ಬಿಣದ ಕಲ್ಲನ್ನು ತಂದು ಅದರ ಮೇಲಿಟ್ಟಳು. ಸರಿಯಾಗಿ ಹತ್ತು. ನಡಿಗೆಯನ್ನು ಒಂದು ಗಂಟೆಯಿಂದ ಎರಡಕ್ಕೆ ಏರಿಸಿದಳು. ರಾತ್ರಿಯ ಮುದ್ದೆಯನ್ನು ನೂರು ಗ್ರಾಮಿಗೆ ಇಳಿಸಿದಳು. ಅವ್ವನ ಮುಖ ಇನ್ನಷ್ಟು ಬಾಡಿತು. ಮೂರನೆಯ ಸೋಮವಾರ ಅರವತ್ತಾರು ದಾಟಿತು.

ಮಕ್ಕಳಿಗೆ ಅವಳು ಪ್ರತಿವರ್ಷ ಹೇಳಿಕೊಡುತ್ತಿದ್ದ ಪಾಠವಿದು. ಫಲಿತಾಂಶ ತಪ್ಪಿದರೆ ಒಂದೊಂದೇ ಅಂಶವನ್ನು ತೆಗೆದು ನೋಡಿ, ಯಾವುದನ್ನೂ ಖಾತ್ರಿಯೆಂದು ಬಿಡಬೇಡಿ. ಅವಳು ಯಂತ್ರವನ್ನು ಪರೀಕ್ಷಿಸಿದಳು, ನಡಿಗೆಯನ್ನು, ನಿದ್ದೆಯನ್ನು, ಥೈರಾಯ್ಡನ್ನು ಕೂಡ. ಒಂದನ್ನು ಮಾತ್ರ ಖಾತ್ರಿಯೆಂದು ಬಿಟ್ಟಿದ್ದಳು.

ಮೇ ಹತ್ತರಂದು ಬೆಂಗಳೂರಿನಲ್ಲಿ ಕೊನೆಯ ಸ್ಕ್ಯಾನು. ತೂಕ ಅರವತ್ತೇಳೂವರೆ.

“ಕೊಬ್ಬು ತಿರುಗಿ ಬಂದಿದೆ ಮೇಡಂ. ಈ ಸ್ಥಿತೀಲಿ ನಾನು ಕತ್ತಿ ಹಿಡಿಯಲ್ಲ. ಆರು ವಾರ ಮುಂದಕ್ಕೆ ಹಾಕೋಣ.”

“ನಾನು ಒಂದು ಹೊತ್ತೂ ತಪ್ಪಿಲ್ಲ ಡಾಕ್ಟ್ರೇ. ಬರೆದಿಟ್ಟಿದೀನಿ ನೋಡಿ,” ಎಂದು ಅವಳು ಊಟದ ಲೆಕ್ಕದ ಪುಸ್ತಕ ಮುಂದೆ ಹಿಡಿದಳು. ಡಾಕ್ಟರು ಅದನ್ನು ತೆರೆಯಲಿಲ್ಲ. ಬೈಯಲೂ ಇಲ್ಲ. “ಆಗುತ್ತೆ, ಬಹಳ ಜನಕ್ಕೆ ಹೀಗೇ ಆಗುತ್ತೆ,” ಎಂದರು. ಬೈದಿದ್ದರೆ ವಾಸಿಯಿತ್ತು.

ವಾಪಸು ಬರುವಾಗ ಶಿವರಾಜ್ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನ ಹೆಗಲಿಗೆ ಒರಗಿದ್ದ. ಶಿರಾ ದಾಟಿದ ಮೇಲೆ ಕೇಳಿದ.

“ಅಕ್ಕ, ನಿನ್ ಮುದ್ದೆ ಅವ್ವ ಬ್ಯಾರೆ ಕಟ್ತಾಳಲ್ವಾ?”

“ಹೂಂ. ಅಳತೆ ಪ್ರಕಾರ ಕಟ್ತಾಳೆ. ಯಾಕ್ಲೇ?”

“ಏನಿಲ್ಲ.” ಅವನು ಕಿಟಕಿಯಾಚೆ ನೋಡಿದ. ಊರು ಹತ್ತಿರವಾದಾಗ, “ನಾಳಿಂದ ನೀನು ಹಿರಿಯೂರಾಗೇ ಇರು. ನಿನ್ ಮನ್ಯಾಗೇ ಉಣ್ಣು. ಅವ್ವ ನನ್ನ ನೋಡ್ಕಂತಾಳೆ,” ಎಂದ. ಆಮೇಲೆ, “ಯಾಕೆ ಮುಂದಕ್ಕೆ ಹಾಕಿದ್ರು ಅಂತ ಅವ್ವಂಗೆ ಹೇಳ್ಬ್ಯಾಡ. ಡಾಕ್ಟ್ರಿಗೆ ಪುರುಸೊತ್ತಿಲ್ಲ ಅಂತ ಹೇಳು. ಯಾವತ್ತೂ ಹೇಳ್ಬ್ಯಾಡ.”

ತನ್ನ ಮಾನ ಉಳಿಸಲು ತಮ್ಮ ಹೀಗೆ ಹೇಳುತ್ತಿದ್ದಾನೆ ಎಂದುಕೊಂಡಳು ಅನುಸೂಯ. ನಾಚಿಕೆಯಿಂದ ಅವಳು ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದಳು.

ಹಿರಿಯೂರಿನ ಮನೆಯಲ್ಲಿ ಚುಕ್ಕಿಗಳು ಮತ್ತೆ ಇಳಿದವು. ಅರವತ್ತಾರು. ಅರವತ್ತೈದು. ತಾನೀಗ ಇನ್ನಷ್ಟು ಬಿಗಿಯಾಗಿರುವುದರಿಂದ ಎಂದುಕೊಂಡಳು. ಮುಂಚೆಯೇ ಯಾಕೆ ಹೀಗಿರಲಿಲ್ಲ ಎಂದು ತನ್ನನ್ನೇ ಹಳಿದುಕೊಂಡಳು.

ಅವಳು ಹಿರಿಯೂರಿಗೆ ಮರಳಿದ ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಶಿವರಾಜ್ ರಕ್ತ ಕಾರಿಕೊಂಡ. ಬೆಂಗಳೂರಿಗೆ ಒಯ್ಯುವ ದಾರಿಯಲ್ಲೇ, ತುಮಕೂರು ಇನ್ನೂ ಸಿಗುವ ಮೊದಲು, ಹೋಗಿಬಿಟ್ಟ. ಅಂದು ಬೆಳಿಗ್ಗೆಯೂ ಅವಳು ತೂಕ ನೋಡಿದ್ದಳು. ಅರವತ್ತನಾಲ್ಕೂವರೆ.

ಹೊಲದಲ್ಲಿ ಅಪ್ಪನ ಪಕ್ಕಕ್ಕೆ ಅವನನ್ನು ಮಣ್ಣು ಮಾಡಿದರು. ಅನುಸೂಯ ಅಳಲಿಲ್ಲ. ಮೂರೂವರೆ ಕೆಜಿ, ಮೂರೂವರೆ ಕೆಜಿ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಯಾವ ಹೊತ್ತು ತಪ್ಪಿದೆ, ಯಾವ ತುತ್ತು ಹೆಚ್ಚಾಯಿತು ಎಂದು ಪುಸ್ತಕದ ಹಾಳೆಗಳನ್ನು ಎಷ್ಟು ಸಲ ತಿರುವಿದಳೋ. ಮುಂದಿಟ್ಟ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸುತ್ತಿದ್ದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಬಂದ ನೆಂಟರೆಲ್ಲ ಉಂಡು ಹೊರಟ ಮೇಲೆ, ಅವಳು ಹಿತ್ತಿಲ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಗಬ್ಬದ ಕುರಿ ಈದಿತ್ತು. ಮರಿ ಕೆಚ್ಚಲಿಗೆ ತಲೆ ಗುದ್ದಿ ಹಾಲು ಕುಡಿಯುತ್ತಿತ್ತು. ಕೆಂಚಕ್ಕ ಬಂದು ಪಕ್ಕದಲ್ಲಿ ಕೂತಳು. ಮಗಳ ಮುಂಗೈ ಹಿಡಿದು, ಹೆಬ್ಬೆರಳು ನಡುಬೆರಳು ಸುತ್ತ ಕೂಡುತ್ತವೋ ಎಂದು ನೋಡಿದಳು. ಕೂಡಿದವು.

“ನೀನ್ಯಾಕೆ ಹಿಂಗ್ ಕೊರಗ್ತೀಯವ್ವ? ನಿನ್ನ ಕಡೆಯಿಂದ ಕೊರತೆ ಆಗ್ಲಿಲ್ಲ ಕಣೆ. ನನ್ನ ಕಡೆಯಿಂದ್ಲೂ ಆಗಕ್ಕೆ ಬಿಡ್ಲಿಲ್ಲ.”

ಅನುಸೂಯ ತಿರುಗಿ ನೋಡಿದಳು.

“ಈಗ ಹೇಳ್ತೀನಿ, ಬೈಬ್ಯಾಡ. ನೀನು ಇಲ್ಲಿದ್ದಷ್ಟು ದಿನ ನಿನ್ ಮುದ್ದೆಗೆ ಎರಡು ಹೊತ್ತೂ ಬೆಣ್ಣೆ ಹಾಕಿ ತಿರುವ್ತಿದ್ದೆ. ಎಮ್ಮೆ ಬೆಣ್ಣೆ, ಅಂಗೈ ತುಂಬ. ಸಾರಿಗೆ ಶೇಂಗಾ ಅರೆದು ಹಾಕ್ತಿದ್ದೆ. ನಿಂಗೆ ಗೊತ್ತಾಗ್ದಂಗೆ.” ಕೆಂಚಕ್ಕ ಕಣ್ಣೊರೆಸಿಕೊಂಡಳು. “ಈಯೋ ಕುರಿಗೆ ಹುರುಳಿ ಬೇಯಿಸಿ ಹಾಕ್ತೀವಲ್ಲ, ಬರೀ ಹುಲ್ಲಲ್ಲಿ ಬಿಟ್ರೆ ಮರೀನೂ ಉಳಿಯಲ್ಲ, ತಾಯೂ ಉಳಿಯಲ್ಲ. ನೀನೂ ಮೈಯೊಳಗಿಂದು ಕೊಡೋಳು. ಬರಿಮೈಯಾಗೆ ನಿನ್ನ ಹೆಂಗವ್ವ ಕಳಿಸ್ಲಿ? ಇಬ್ರೂ ನನ್ ಮಕ್ಳೇ. ನಿನ್ನ ತುಂಬಿ ಕಳಿಸ್ಬೇಕು ಅಂತ ಇದ್ದೆ. ತುಂಬಿದ್ದೆ ಕೂಡ. ದೇವ್ರು ಆ ಕಡೆ ಕಿತ್ಕಂಡ.”

ಅನುಸೂಯಳ ಕಣ್ಣ ಮುಂದೆ ಗ್ರಾಫ್ ಹಾಳೆ ಬಂತು. ತವರಿಗೆ ಬಂದ ವಾರ ಏರತೊಡಗಿದ ಗೆರೆ. ತವರು ಬಿಟ್ಟ ವಾರವೇ ಇಳಿದ ಗೆರೆ. ಎಂಟನೇ ಕ್ಲಾಸಿನ ಮಗುವೂ ಬೆರಳಿಟ್ಟು ತೋರಿಸಬಹುದಾಗಿದ್ದ ತಿರುವು. ಅವಳು ಮುದ್ದೆಯ ತೂಕ ನೋಡಿದ್ದಳು, ಮುರಿದು ನೋಡಿರಲಿಲ್ಲ. ಹಗಲೆಲ್ಲ ಜಗುಲಿಯಲ್ಲಿ ಮಲಗಿ, ಅವ್ವ ಕಡೆದ ಬೆಣ್ಣೆ ಯಾರ ತಟ್ಟೆಯಲ್ಲೂ ಕಾಣದ್ದನ್ನು ಬಲ್ಲ ತಮ್ಮ, ಶಿರಾ ದಾಟಿದ ಮೇಲೆ ಎಲ್ಲವನ್ನೂ ಕೂಡಿಸಿ ನೋಡಿದ್ದ. ಯಾವತ್ತೂ ಹೇಳ್ಬ್ಯಾಡ ಎಂದು ಅವನು ಉಳಿಸಲು ಹೊರಟದ್ದು ತನ್ನನ್ನಲ್ಲ ಎಂದು ಅವಳಿಗೆ ಈಗ ತಿಳಿಯಿತು.

ಎದೆಯೊಳಗಿಂದ ಒಂದು ಕೂಗು ಎದ್ದು ಹಲ್ಲಿನ ತನಕ ಬಂತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಳು ಅಳು. ಅತ್ತುಬಿಡು,” ಎಂದು ಕೆಂಚಕ್ಕ ಬೆನ್ನು ಸವರಿದಳು. ಬಹಳ ಹೊತ್ತು ಸವರಿದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಕೇಳಿದಳು. “ಆ ದಿನವೇ ಮಾಡಿದ್ರೆ ಉಳೀತಿದ್ನೇನೋ. ಯಾಕವ್ವ ಮುಂದಕ್ಕೆ ಹಾಕಿದ್ರು ಅವ್ರು?”

ಮರಿ ಹಾಲು ಬಿಟ್ಟು ತಾಯಿಯ ಹೊಟ್ಟೆಯಡಿ ಮಲಗಿತು. ಕೆಂಚಕ್ಕ ಉತ್ತರಕ್ಕಾಗಿ ಮಗಳ ಮುಖವನ್ನೇ ನೋಡುತ್ತಿದ್ದಳು. ಅವ್ವನಿಗೆ ಎಪ್ಪತ್ತು ವರ್ಷ. ನಿಜ ಹೇಳಿದರೆ ಆ ಜೀವ ಇನ್ನೆಷ್ಟು ದಿನ ಉಂಡೀತು, ಮಲಗೀತು?

“ಡಾಕ್ಟ್ರಿಗೆ ಪುರುಸೊತ್ತಿರ್ಲಿಲ್ಲ ಕಣವ್ವ,” ಎಂದಳು ಅನುಸೂಯ.

“ಅವ್ರ ಪುರುಸೊತ್ತಿಗೆ ಬೆಂಕಿ ಬೀಳ!” ಎಂದು ಕೆಂಚಕ್ಕ ಹಿಡಿ ಮಣ್ಣು ತೂರಿದಳು. ಬೈಗುಳ ಮುಗಿಯುವ ತನಕ ಅನುಸೂಯ ತಲೆ ತಗ್ಗಿಸಿ ಕೂತಿದ್ದಳು.

ಅವಳು ಈಗಲೂ ಪ್ರತಿ ಸೋಮವಾರ ತೂಕ ನೋಡುತ್ತಾಳೆ. ಅರವತ್ತನಾಲ್ಕು. ವರ್ಷ ಕಳೆದರೂ ಗೆರೆ ಅಲ್ಲಾಡಿಲ್ಲ. ಹೇಗೆ ಹಿಡಿದಿಟ್ಟಿರಿ ಮೇಡಂ, ನಮಗೂ ಹೇಳಿಕೊಡಿ ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಅಭ್ಯಾಸ ಎನ್ನುತ್ತಾಳೆ. ಇನ್ಯಾಕೆ ಇದೆಲ್ಲ ಎಂದು ಗಂಡ ಒಮ್ಮೆ ಕೇಳಿ, ಅವಳ ಮುಖ ನೋಡಿ ಯಂತ್ರವನ್ನು ಮಂಚದಡಿಗೆ ಸರಿಸಿಟ್ಟ.

ಭಾನುವಾರ ಮಾತ್ರ ಅವಳು ಜವನಗೊಂಡನಹಳ್ಳಿಗೆ ಹೋಗುತ್ತಾಳೆ. ಆ ಒಂದು ಊಟಕ್ಕಾಗಿ ಉಳಿದ ಆರು ದಿನ ಎಚ್ಚರ ವಹಿಸುತ್ತಾಳೆ. ಪುಟ್ಟ ತಕ್ಕಡಿಯನ್ನು ಒಯ್ಯುವುದಿಲ್ಲ. ಕೆಂಚಕ್ಕ ಈಗ ಮುಚ್ಚುಮರೆಯಿಲ್ಲದೆ ಬೆಣ್ಣೆಯ ಬಟ್ಟಲನ್ನೇ ಮುಂದಿಟ್ಟುಕೊಂಡು ಕೂರುತ್ತಾಳೆ. ಬಿಸಿ ಮುದ್ದೆಯ ನಡುವೆ ಬೆರಳಿನಿಂದ ಗುಣಿ ಮಾಡಿ ಒಂದುಂಡೆ ಬೆಣ್ಣೆ ಬಿಡುತ್ತಾಳೆ.

“ಇಷ್ಟೊಂದು ಸೊರಗಿದೀಯಲ್ಲೇ. ಇನ್ನೊಂಚೂರು ಹಾಕ್ಲಾ?”

“ಹಾಕವ್ವ,” ಎನ್ನುತ್ತಾಳೆ ಅನುಸೂಯ, ಕೈ ಅಡ್ಡ ಹಿಡಿಯದೆ.